ತಪ್ಪುಗಳು ಹೆಚ್ಚಿದ್ದ ಒಳ್ಳೆಯ ವಾರ್ಡು

ಆಸ್ಪತ್ರೆಯಲ್ಲಿ ನಾಲ್ಕು ದಿನ ರೋಗಿಯ ಪಕ್ಕ ಕೂತವರಿಗೆಲ್ಲ ಈ ಸಂಗತಿ ಅರ್ಧ ಗೊತ್ತೇ ಇರುತ್ತದೆ. ಎರಡನೇ ಮಹಡಿಯ ವಾರ್ಡಿನಲ್ಲಿ ಸಿಸ್ಟರನ್ನು ಏನು ಕೇಳಿದರೂ "ಡಾಕ್ಟ್ರು ರೌಂಡ್ಸಿಗೆ ಬರ್ತಾರೆ, ಅವರನ್ನೇ ಕೇಳಿ" ಎಂಬ ಒಂದೇ ಉತ್ತರ. ರೋಗಿಯನ್ನು ಮೂರನೇ ಮಹಡಿಗೆ ಬದಲಾಯಿಸುತ್ತಾರೆ. ಅಲ್ಲಿ ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಬ್ಬ ಸಿಸ್ಟರ್ ಡ್ರಿಪ್ ಹಾಕುವ ಮೊದಲು ಕೈ ಮುಟ್ಟಿ ನೋಡಿ, "ಇಲ್ಲಿ ಊದ್ಕೊಂಡಿದೆ, ನರದಿಂದ ಆಚೆ ಬಂದಿದೆ, ಬೇರೆ ಕೈಗೆ ಹಾಕ್ತೀನಿ" ಅನ್ನುತ್ತಾರೆ. ಇಬ್ಬರೂ ಒಂದೇ ಕಾಲೇಜಿನಲ್ಲಿ ಒಂದೇ ವರ್ಷ ಓದಿದವರಿರಬಹುದು. ಇಬ್ಬರ ಹತ್ತಿರವೂ ಅದೇ ಸರ್ಟಿಫಿಕೇಟು, ಅದೇ ನರ್ಸಿಂಗ್ ಕೌನ್ಸಿಲ್ ನೋಂದಣಿ, ಸುಮಾರಾಗಿ ಅದೇ ಸಂಬಳ. ಐದು ವರ್ಷದಲ್ಲಿ ಒಬ್ಬರ ಕಸುಬು ಬೆಳೆದಿದೆ, ಇನ್ನೊಬ್ಬರದು ಕೆಲಸಕ್ಕೆ ಸೇರಿದ ದಿನ ಎಲ್ಲಿತ್ತೋ ಅಲ್ಲೇ ನಿಂತಿದೆ.

ಅವರವರ ಸ್ವಭಾವ ಎಂದು ಹೇಳಿ ಮುಗಿಸಿಬಿಡಬಹುದು. ನರ್ಸುಗಳನ್ನೇ ಕೇಳಿದರೆ ಮಾತ್ರ ಬೇರೆ ಉತ್ತರ ಬರುತ್ತದೆ: "ನಮಗೆ ಸಿಕ್ಕ ಇನ್‌ಚಾರ್ಜ್ ಅಂಥವರು." ವಾರ್ಡಿನ ಉಸ್ತುವಾರಿ ಹೊತ್ತ ಹಿರಿಯ ನರ್ಸಿಗೆ ನಮ್ಮ ಆಸ್ಪತ್ರೆಗಳಲ್ಲಿ ಇನ್‌ಚಾರ್ಜ್ ಎಂದೇ ಹೆಸರು. ಈ ಉತ್ತರದಲ್ಲಿ ಕೃತಜ್ಞತೆಯೋ ಸಿಟ್ಟೋ ಇರುವುದು ಸರಿ, ವಿಜ್ಞಾನ ಎಷ್ಟಿದೆ? ಮೇಲಿನವರ ನಡವಳಿಕೆ ಕೆಳಗಿನವರ ಕೈಚಳಕಕ್ಕೆ, ಕಣ್ಣಿನ ಚುರುಕಿಗೆ ಇಳಿಯುವುದಾದರೆ ಯಾವ ದಾರಿಯಿಂದ ಇಳಿಯುತ್ತದೆ?

ಉಲ್ಟಾ ಬಂದ ಲೆಕ್ಕ

1990ರ ದಶಕದ ಮೊದಲ ವರ್ಷಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ಏಮಿ ಎಡ್ಮಂಡ್ಸನ್ ಒಂದು ನೇರವಾದ ಪ್ರಶ್ನೆ ಹಿಡಿದು ಹೊರಟರು. ಒಳ್ಳೆಯ ಹೊಂದಾಣಿಕೆ, ಒಳ್ಳೆಯ ಮುಂದಾಳು ಇರುವ ವಾರ್ಡಿನಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳು ಕಡಿಮೆ ಇರುತ್ತವೆಯೇ? ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳನ್ನು ಆರಿಸಿಕೊಂಡರು. ಒಂದು ಕಡೆ, ತರಬೇತಿ ಪಡೆದ ನರ್ಸುಗಳು ಆ ವಾರ್ಡುಗಳಿಗೆ ತಿಂಗಳುಗಟ್ಟಲೆ ಹೋಗಿ ಕೇಸ್ ಶೀಟುಗಳನ್ನು ತಿರುವಿ, ಸಿಬ್ಬಂದಿಯನ್ನು ಮಾತನಾಡಿಸಿ, ತಪ್ಪುಗಳ ಲೆಕ್ಕ ತೆಗೆದರು. ಇನ್ನೊಂದು ಕಡೆ, ತಂಡ ಹೇಗಿದೆ, ಮುಖ್ಯ ನರ್ಸು ಹೇಗೆ ನಡೆದುಕೊಳ್ಳುತ್ತಾರೆ ಎಂಬ ಪ್ರಶ್ನಾವಳಿಗೆ ಸಿಬ್ಬಂದಿ ಉತ್ತರ ತುಂಬಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಂಬಂಧವೇನೋ ಇತ್ತು, ಆದರೆ ತಿರುಗಾಮುರುಗಾ. ಒಳ್ಳೆಯ ಮುಂದಾಳು ಇದ್ದ ವಾರ್ಡುಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು.

ಒಳ್ಳೆಯ ಮುಂದಾಳುಗಳು ನರ್ಸುಗಳನ್ನು ಸಡಿಲ ಬಿಟ್ಟು ಕೆಡಿಸುತ್ತಾರೆ ಎಂದು ಬರೆದು ಮುಗಿಸಬಹುದಿತ್ತು. ಎಡ್ಮಂಡ್ಸನ್‌ಗೆ ಬೇರೊಂದು ಅನುಮಾನ ಬಂತು. ಎಣಿಕೆಗೆ ಸಿಕ್ಕಿದ್ದು ಆದ ತಪ್ಪುಗಳೋ, ಬಾಯಿಬಿಟ್ಟು ಹೇಳಿದ ತಪ್ಪುಗಳೋ? ಔಷಧಿಯ ಬಹಳಷ್ಟು ತಪ್ಪುಗಳು ಮಾಡಿದವರು ಹೇಳದೆ ಯಾರಿಗೂ ಗೊತ್ತಾಗುವುದಿಲ್ಲ. ಎಂಟು ಗಂಟೆಯ ಆಂಟಿಬಯಾಟಿಕ್ ಹತ್ತಕ್ಕೆ ಕೊಟ್ಟು ಚಾರ್ಟಿನಲ್ಲಿ ಎಂಟು ಎಂದು ಬರೆದರೆ ಅದನ್ನು ಪತ್ತೆ ಹಚ್ಚುವವರಾರು?

ಅನುಮಾನವನ್ನು ಪರೀಕ್ಷಿಸಲು ಅವರು ಒಬ್ಬ ಸಹಾಯಕ ಸಂಶೋಧಕನನ್ನು ವಾರ್ಡುಗಳಿಗೆ ಕಳಿಸಿದರು. ಯಾವ ವಾರ್ಡಿನಲ್ಲಿ ಎಷ್ಟು ತಪ್ಪು ದಾಖಲಾಗಿದೆ, ಯಾವುದು ಪ್ರಶ್ನಾವಳಿಯಲ್ಲಿ ಮೇಲೆ ಬಂದಿದೆ, ಏನನ್ನೂ ಆತನಿಗೆ ಹೇಳಲಿಲ್ಲ. ಆತ ಸುಮ್ಮನೆ ಕೂತು ನೋಡಿ, ನರ್ಸುಗಳ ಜೊತೆ ಮಾತಾಡಿ ಬಂದ. ಒಂದು ವಾರ್ಡಿನ ಮುಖ್ಯಸ್ಥೆ ತಾವೇ ಹಾಸಿಗೆಯ ಬಳಿ ಕೆಲಸಕ್ಕೆ ನಿಲ್ಲುವವರು. ಇಷ್ಟು ಔಷಧಿ ಓಡಾಡುವ ಜಾಗದಲ್ಲಿ ಒಂದಷ್ಟು ತಪ್ಪು ಆಗಿಯೇ ಆಗುತ್ತದೆ, ಹೇಳಿದವರನ್ನು ದಂಡಿಸಬಾರದು ಎಂಬುದು ಅವರ ನಿಲುವು. ಇನ್ನೊಂದು ವಾರ್ಡಿನಲ್ಲಿ ತಪ್ಪಿನ ಮಾತು ಬಂದರೆ ನರ್ಸುಗಳು ವಿಚಾರಣೆಯ ಕಟಕಟೆ ಹತ್ತಿದಂತೆ ಅನ್ನಿಸುತ್ತದೆ ಎಂದರು. ವಾರ್ಡುಗಳನ್ನು ಮಾತಿನ ಮುಕ್ತತೆಯ ಪ್ರಕಾರ ಆತ ಮೇಲಿಂದ ಕೆಳಗೆ ಜೋಡಿಸಿದ ಪಟ್ಟಿ, ಪತ್ತೆಯಾದ ತಪ್ಪುಗಳ ಪಟ್ಟಿಯ ಜೊತೆ ಹೆಚ್ಚುಕಡಿಮೆ ತಾಳೆಯಾಯಿತು.

ಈ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಮುಂದೆ 1999ರಲ್ಲಿ ಎಡ್ಮಂಡ್ಸನ್ ಈ ವಾತಾವರಣವನ್ನು ಸೈಕಲಾಜಿಕಲ್ ಸೇಫ್ಟಿ ಎಂಬ ಹೆಸರಿನಲ್ಲಿ ವಿವರಿಸಿದರು. ನಾನು ಅದನ್ನು ಅಳುಕಿಲ್ಲದ ಜಾಗ ಅನ್ನುತ್ತೇನೆ. ಗೊತ್ತಿಲ್ಲದ್ದನ್ನು ಕೇಳಿದರೆ, ಆದ ತಪ್ಪನ್ನು ಹೇಳಿದರೆ, ಮೇಲಿನವರ ಮಾತಿಗೆ ತಕರಾರು ತೆಗೆದರೆ ಮಾನ ಹೋಗುವುದಿಲ್ಲ ಎಂಬ ನಂಬಿಕೆ ಇರುವ ಜಾಗ. ಎಲ್ಲರೂ ನಗುನಗುತ್ತಾ ಇರುವ ಜಾಗ ಎಂದು ಮಾತ್ರ ಇದರರ್ಥವಲ್ಲ. ಅಂಥ ವಾರ್ಡುಗಳಲ್ಲಿ ಜಗಳ ಸ್ವಲ್ಪ ಹೆಚ್ಚೇ ಇರಬಹುದು.

ಫೋನಿನಲ್ಲಿ ಬಂದ ಅಪ್ಪಣೆ

ಅಳುಕು ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ 30 ವರ್ಷ ಹಳೆಯ ಪ್ರಯೋಗವೊಂದಿದೆ. 1966ರಲ್ಲಿ ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ವಾರ್ಡಿನಲ್ಲಿ ಒಬ್ಬಳೇ ಇದ್ದ ನರ್ಸಿಗೆ ಫೋನು ಬರುತ್ತದೆ. ಆಕೆ ಎಂದೂ ಕಾಣದ ಡಾಕ್ಟರ್ ಸ್ಮಿತ್ ಎಂಬಾತ, ಇಂಥ ರೋಗಿಗೆ ಆಸ್ಟ್ರೋಟೆನ್ 20 ಮಿಲಿಗ್ರಾಂ ಕೊಡಿ, ಆಮೇಲೆ ಬಂದು ಸಹಿ ಮಾಡುತ್ತೇನೆ ಅನ್ನುತ್ತಾನೆ. ಕಪಾಟಿನಲ್ಲಿರುವ ಡಬ್ಬದ ಮೇಲೆ ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಎಂದು ಅಚ್ಚಾಗಿದೆ. ಫೋನಿನಲ್ಲಿ ಹೇಳಿದ ಔಷಧಿ ಕೊಡಬಾರದು ಎಂಬುದು ಆಸ್ಪತ್ರೆಯ ನಿಯಮ. ಔಷಧಿಯಂತೂ ಅಲ್ಲಿನ ಅಂಗೀಕೃತ ಪಟ್ಟಿಯಲ್ಲೇ ಇಲ್ಲ. 22 ನರ್ಸುಗಳಲ್ಲಿ 21 ಮಂದಿ ಔಷಧಿ ಹಿಡಿದು ಹಾಸಿಗೆಯತ್ತ ಹೊರಟರು. ಅಲ್ಲೇ ಕಾದಿದ್ದ ವೀಕ್ಷಕ ತಡೆದು ವಿಷಯ ತಿಳಿಸಿದ. ಡಬ್ಬದಲ್ಲಿದ್ದದ್ದು ಅಪಾಯವಿಲ್ಲದ ಸಕ್ಕರೆ.

ಇದೇ ಸನ್ನಿವೇಶವನ್ನು ಕಾಗದದ ಮೇಲೆ ಬರೆದು, ಹೀಗಾದರೆ ಏನು ಮಾಡುತ್ತೀರಿ ಎಂದು ಬೇರೆಯವರನ್ನು ಕೇಳಿದ್ದರು. 12 ನರ್ಸುಗಳಲ್ಲಿ 10 ಮಂದಿ ಕೊಡುವುದಿಲ್ಲ ಎಂದರು. 21 ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ಒಬ್ಬರೂ ಕೊಡುತ್ತೇನೆ ಅನ್ನಲಿಲ್ಲ. ಅಂದರೆ ತಿಳಿವಳಿಕೆಗೆ ಕೊರತೆ ಇರಲಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಬಹುತೇಕ ಎಲ್ಲರಿಗೂ ಪೂರ್ತಿ ಅಂಕ. ಕೌಶಲ ಎಂದರೆ ತಲೆಯಲ್ಲಿರುವುದು ಮಾತ್ರವಲ್ಲ, ಬೇಕಾದ ಗಳಿಗೆಯಲ್ಲಿ ಕೈಗೂ ಬಾಯಿಗೂ ಬರುವುದು. ಆ ಗಳಿಗೆಯಲ್ಲಿ "ಡಾಕ್ಟರ್" ಎಂಬ ಒಂದು ಪದ ಅದನ್ನು ಅಲ್ಲೇ ಕಟ್ಟಿಹಾಕಿತು.

1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್‌ಸನ್ ಎಂಬಿಬ್ಬರು ಪ್ರಯೋಗವನ್ನು ಸ್ವಲ್ಪ ಬದಲಿಸಿ ಮತ್ತೆ ಮಾಡಿದರು. ಔಷಧಿ ಎಲ್ಲರಿಗೂ ಪರಿಚಿತವಾದ ವ್ಯಾಲಿಯಂ, ಪ್ರಮಾಣ ಮಾತ್ರ ಮಿತಿಮೀರಿದ್ದು. ಫೋನಿನಲ್ಲಿ ಹೇಳಿದ್ದು ಗೊತ್ತಿರುವ ವೈದ್ಯರ ಹೆಸರು. ಮುಖ್ಯವಾಗಿ, ಪಕ್ಕದಲ್ಲಿರುವ ಸಹೋದ್ಯೋಗಿಯನ್ನು ಕೇಳಲು ಅವಕಾಶವಿತ್ತು. ಈ ಸಲ 18 ನರ್ಸುಗಳಲ್ಲಿ ಕೊನೆಯವರೆಗೆ ಹೋದವರು ಇಬ್ಬರೇ. ಔಷಧಿ ಪರಿಚಿತವಾಗಿದ್ದದ್ದು ಎಷ್ಟು, ಪಕ್ಕದವರು ಇದ್ದದ್ದು ಎಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಆದರೆ "ಇದು ಜಾಸ್ತಿ ಅಲ್ವೇನೇ?" ಎಂದು ಒಬ್ಬರನ್ನು ಕೇಳುವ ಅವಕಾಶವಿದ್ದರೆ ಓದಿದ ವಿದ್ಯೆ ಕೆಲಸಕ್ಕೆ ಬರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಸಾರಿನ ಉಪ್ಪು

ಇಪ್ಪತ್ತು ವರ್ಷ ಸಾರು ಮಾಡಿದರೂ ಉಪ್ಪಿನ ಹದ ಸಿಗದ ಮನೆಗಳಿರುತ್ತವೆ. ಊಟಕ್ಕೆ ಕೂತವರು ಉಂಡೆದ್ದು ಹೋಗುತ್ತಾರೆ, ಹೆಚ್ಚೋ ಕಡಿಮೆಯೋ ಯಾರೂ ಹೇಳುವುದಿಲ್ಲ. ಮಾಡಿದವರು ಕೊನೆಗೆ ಕೂತು ತಣ್ಣಗಾದದ್ದನ್ನು ತಿನ್ನುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಒಂದು ಚಿಟಿಕೆ ಹೆಚ್ಚಾದರೆ ತಟ್ಟೆ ಹಾರುತ್ತದೆ. ಅಲ್ಲಿ ಅಡುಗೆಯವರು ಕಲಿಯುವುದು ಹದವನ್ನಲ್ಲ, ತಪ್ಪಿಸಿಕೊಳ್ಳುವುದನ್ನು. ಉಪ್ಪು ಕಡಿಮೆ ಹಾಕಿ, ಬಟ್ಟಲಲ್ಲಿ ಉಪ್ಪು ಇಟ್ಟು, ಬೇಕಾದವರು ಹಾಕಿಕೊಳ್ಳಲಿ ಎಂದು ಬಿಡುತ್ತಾರೆ. "ಇವತ್ತು ಒಂಚೂರು ಮುಂದಾಯ್ತು, ನಿನ್ನೆ ಸರಿಯಿತ್ತು" ಎಂದು ಬಿಸಿಯಿರುವಾಗಲೇ ಹೇಳುವವರಿದ್ದರೆ ಮಾತ್ರ ಕೈ ಪಳಗುತ್ತದೆ.

ವಾರ್ಡಿನಲ್ಲೂ ಮೊದಲೆರಡು ಬಗೆಗಳು ಹೇರಳ. ಬಟ್ಟಲಲ್ಲಿ ಉಪ್ಪಿಡುವ ಕೆಲಸಕ್ಕೆ ಅಲ್ಲಿ ಬೇರೆ ರೂಪ: "ನಾನು ಡಾಕ್ಟ್ರಿಗೆ ಇನ್‌ಫಾರ್ಮ್ ಮಾಡಿದೀನಿ, ಕೇಸ್ ಶೀಟಲ್ಲಿ ಬರೆದಿದೀನಿ." ತನ್ನ ಮೈಮೇಲೆ ಬರದಂತೆ ನೋಡಿಕೊಳ್ಳುವ ಈ ಚಾತುರ್ಯವೂ ಅನುಭವದಿಂದಲೇ ಬರುತ್ತದೆ, ವರ್ಷ ಕಳೆದಂತೆ ಹರಿತವಾಗುತ್ತದೆ. ನೋಡುವವರಿಗೆ ಅದು ನರ್ಸಿಂಗ್ ಕೌಶಲದಂತೆಯೇ ಕಾಣುತ್ತದೆ.

ಅನುಭವಕ್ಕೂ ಪರಿಣತಿಗೂ ಇರುವ ಈ ಅಂತರವನ್ನು ವಿವರವಾಗಿ ಬರೆದವರು ಅಮೆರಿಕದ ನರ್ಸ್ ಹಾಗೂ ಸಂಶೋಧಕಿ ಪೆಟ್ರೀಷಿಯಾ ಬೆನ್ನರ್. ಬರ್ಕ್ಲಿಯ ಡ್ರೈಫಸ್ ಸಹೋದರರು ಚೆಸ್ ಆಟಗಾರರು, ವಿಮಾನ ಚಾಲಕರ ಕಲಿಕೆಯನ್ನು ನೋಡಿ ಕೌಶಲಕ್ಕೆ ಐದು ಹಂತಗಳಿವೆ ಎಂದಿದ್ದರು. ಬೆನ್ನರ್ ಅದನ್ನು ನರ್ಸುಗಳಿಗೆ ಅನ್ವಯಿಸಿ 1984ರಲ್ಲಿ ಪುಸ್ತಕ ತಂದರು. ಮೊದಲ ಹಂತದ ಹೊಸಬರು ನಿಯಮವನ್ನು ನೋಡುತ್ತಾರೆ, ರೋಗಿಯನ್ನಲ್ಲ. ಬಿಪಿ ಇಷ್ಟಕ್ಕಿಂತ ಇಳಿದರೆ ಹೇಳು ಎಂದರೆ ಇಳಿಯುವವರೆಗೂ ಕಾಯುತ್ತಾರೆ. ಕೊನೆಯ ಹಂತದ ಪರಿಣತರು ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು, ಈ ರೋಗಿ ಸರಿಯಿಲ್ಲ ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ತಡವರಿಸುತ್ತಾರೆ. ಸಾವಿರ ರೋಗಿಗಳ ನೆನಪು ಒಟ್ಟಿಗೆ ಕೆಲಸ ಮಾಡುತ್ತಿರುತ್ತದೆ, ಅದನ್ನು ಬಿಡಿಸಿ ಹೇಳುವುದು ಸುಲಭವಲ್ಲ. ನಡುವಿನ ಹಂತಕ್ಕೆ, ಅಂದರೆ ತಕ್ಕಮಟ್ಟಿಗೆ ಪಳಗಲು, ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಬೇಕು ಎಂಬುದು ಬೆನ್ನರ್ ಅಂದಾಜು. ಆರು ತಿಂಗಳಿಗೊಮ್ಮೆ ವಾರ್ಡು ಬದಲಿಸುವ ನಮ್ಮ ರೂಢಿಯ ಬಗ್ಗೆ ಯೋಚಿಸಬೇಕಾದ್ದು ಇಲ್ಲಿದೆ.

ಹಂತ ತಾನಾಗಿ ಏರುವುದಿಲ್ಲ. ನೋಡಿದ್ದು, ಅನುಮಾನಿಸಿದ್ದು, ಆಮೇಲೆ ಆದದ್ದು, ಈ ಮೂರೂ ಒಂದಕ್ಕೊಂದು ತಾಗಿದರೆ ಮಾತ್ರ ಏರುತ್ತದೆ. ತಾಗಿಸುವವರು ಯಾರು?

ಆರನೇ ಬೆಡ್ಡು

ಮಧ್ಯಾಹ್ನ ಒಂದು ಗಂಟೆ, ಹೆಂಗಸರ ಸರ್ಜಿಕಲ್ ವಾರ್ಡು. ಯಾವುದೋ ಒಂದು ಆಸ್ಪತ್ರೆಯ ಕಥೆಯಲ್ಲ ಇದು, ಯಾವ ವಾರ್ಡಿನಲ್ಲೂ ನಡೆಯಬಹುದಾದದ್ದು. ಆರನೇ ಬೆಡ್ಡಿನಾಕೆಗೆ ಬೆಳಿಗ್ಗೆ ಗರ್ಭಕೋಶದ ಆಪರೇಷನ್ ಆಗಿದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗಿ ಇನ್‌ಚಾರ್ಜ್ ಮೇಜಿನ ಹತ್ತಿರ ಬಂದು ನಿಲ್ಲುತ್ತಾಳೆ.

"ಮೇಡಂ, ಆರನೇ ಬೆಡ್ ಪೇಷಂಟು ಯಾಕೋ ಸರಿ ಕಾಣ್ತಿಲ್ಲ."

"ಬಿಪಿ ಎಷ್ಟು?"

"110–70, ಮೇಡಂ."

"ನಾರ್ಮಲ್ ಇದೆಯಲ್ಲ, ಮತ್ತೇನು ನಿನ್ನ ಗೋಳು? ಹೋಗಿ ಎರಡು ಗಂಟೆ ಇಂಜೆಕ್ಷನ್ ರೆಡಿ ಮಾಡು."

ಅರ್ಧ ನಿಮಿಷದಲ್ಲಿ ಮುಗಿಯಿತು. ಹುಡುಗಿ ಕಲಿತದ್ದು ಎರಡು ಸಂಗತಿ. ಒಂದು, ಬಿಪಿ ಸರಿಯಿದ್ದರೆ ರೋಗಿ ಸರಿ. ಎರಡು, ಅಂಕಿ ಇಲ್ಲದೆ ಬಾಯಿ ತೆರೆಯಬಾರದು. ಎರಡೂ ತಪ್ಪು ಪಾಠ. ಮೊದಲನೆಯದು ಅಪಾಯದ ಪಾಠವೂ ಹೌದು.

ಮೈಯೊಳಗೆ ರಕ್ತ ಸೋರುತ್ತಿದ್ದರೆ ಬಿಪಿ ಕೂಡಲೇ ಬೀಳುವುದಿಲ್ಲ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದು ಕಡಿಮೆಯಾಗುತ್ತಾ ಬಂದರೆ ದೇಹ ಕೈಕಾಲಿನ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿದು ಇದ್ದ ರಕ್ತವನ್ನು ಮಿದುಳಿಗೂ ಹೃದಯಕ್ಕೂ ತಿರುಗಿಸುತ್ತದೆ. ನಾಡಿ ಜೋರಾಗುತ್ತದೆ, ಉಸಿರು ಹೆಚ್ಚುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಅಂಗೈ ತಣ್ಣಗಾಗುತ್ತದೆ. ಒಂದೂವರೆ ಲೀಟರಿನಷ್ಟು ಹೋಗುವವರೆಗೂ ಮಲಗಿದ ರೋಗಿಯ ಬಿಪಿ ಹೆಚ್ಚುಕಡಿಮೆ ಹಾಗೇ ನಿಂತಿರಬಹುದು. ಬಿಪಿ ಬಿದ್ದಾಗ ಗಾಬರಿಯಾಗುವ ನರ್ಸು ತಡವಾಗಿ ಗಾಬರಿಯಾಗುತ್ತಾರೆ. ಹುಡುಗಿಯ ಕಣ್ಣಿಗೆ ಬಿದ್ದದ್ದು ಈ ಮುಂಚಿನ ಬದಲಾವಣೆಗಳೇ, ಆದರೆ ಅವಕ್ಕೆ ಅವಳ ಹತ್ತಿರ ಇನ್ನೂ ಹೆಸರಿರಲಿಲ್ಲ. "ಸರಿ ಕಾಣ್ತಿಲ್ಲ" ಎಂಬುದಷ್ಟೇ ಬಾಯಿಗೆ ಬಂತು.

ಅದೇ ಮಾತಿಗೆ ಬೇರೆ ಇನ್‌ಚಾರ್ಜ್ ಒಬ್ಬರ ಉತ್ತರ ಕೇಳಿ.

"ಸರಿ ಕಾಣ್ತಿಲ್ಲ ಅಂದ್ರೆ ಏನ್ ಕಾಣ್ತು? ಬಾಮ್ಮ ನೋಡೋಣ."

ಬೆಡ್ಡಿನ ಹತ್ತಿರ ಹೋಗಿ ಚಾರ್ಟು ತಿರುಗಿಸಿ ಇಡುತ್ತಾರೆ. "ಉಸಿರು 18 ಅಂತ ಬರ್ದಿದೀಯ. ಎಣಿಸಿದ್ಯಾ?" ಹುಡುಗಿ ಸುಮ್ಮನಿರುತ್ತಾಳೆ. ಉಸಿರಾಟ ಎಣಿಸದೆ 18 ಎಂದೋ 20 ಎಂದೋ ಬರೆಯುವ ಚಾಳಿ ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಇದೆ. "ಪೂರ್ತಿ ಒಂದು ನಿಮಿಷ ಗಡಿಯಾರ ನೋಡ್ಕೊಂಡು ಎಣಿಸು. ಅವರ ಹತ್ತಿರ ಮಾತಾಡಬೇಡ, ನಾಡಿ ಹಿಡ್ಕೊಂಡಂತೆ ಇರು." 26 ಬರುತ್ತದೆ. "ಈಗ ಕೈ ಮುಟ್ಟು. ಎಲ್ಲೀವರೆಗೆ ತಣ್ಣಗಿದೆ? ಉಗುರು ಒತ್ತಿ ಬಿಡು. ಕೆಂಪಾಗೋಕೆ ಎಷ್ಟೊತ್ತು ತಗೊಳ್ತು? ಯೂರಿನ್ ಬ್ಯಾಗಿನಲ್ಲಿ ಹೋದ ಗಂಟೆಯಿಂದ ಎಷ್ಟು ಬಂತು?" 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್ ಆದರೂ ಬರಬೇಕು, ಇಲ್ಲಿ ಅಷ್ಟಿಲ್ಲ. "ಈಗ ಡಾಕ್ಟ್ರಿಗೆ ನೀನೇ ಫೋನ್ ಮಾಡು. ಸರಿ ಕಾಣ್ತಿಲ್ಲ ಅನ್ಬೇಡ. ಏನಾಗ್ತಿದೆ, ಏನ್ ಆಪರೇಷನ್ನು, ನಿನಗೆ ಏನನ್ಸುತ್ತೆ, ಈಗ ಏನ್ ಬೇಕು, ಅಷ್ಟೇ ಹೇಳು."

ಈ ನಾಲ್ಕು ಪ್ರಶ್ನೆಗಳ ಜೋಡಣೆ ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಿಂದ ಆಸ್ಪತ್ರೆಗೆ ಬಂದದ್ದು. ಕೈಸರ್ ಪರ್ಮನೆಂಟೆ ಎಂಬ ಆಸ್ಪತ್ರೆ ಸಮೂಹದವರು ಅದನ್ನು ಎಸ್‌ಬಿಎಆರ್ ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಕಲಿಸುತ್ತಾರೆ. ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಬರುವುದು ಸುಲಭ. ಪಕ್ಕದಲ್ಲಿ ಒಬ್ಬರು ನಿಂತು "ನೀನೇ ಮಾಡು" ಎಂದಾಗ ಮಾತ್ರ ಅದು ನಾಲಿಗೆಗೆ ಹತ್ತುತ್ತದೆ.

ಎರಡನೆಯ ಇನ್‌ಚಾರ್ಜ್ ಹೊಗಳಲಿಲ್ಲ. ಉಸಿರು ಎಣಿಸದೆ ಬರೆದದ್ದನ್ನು ಹಿಡಿದು ತೋರಿಸಿದರು. ಮಾಡಿದ್ದು ಇಷ್ಟೇ: ಮಸುಕಾದ ಅನುಮಾನವನ್ನು ಅಲ್ಲೇ, ರೋಗಿಯ ಮೈಮೇಲೆಯೇ, ಹೆಸರಿರುವ ಲಕ್ಷಣಗಳಾಗಿ ಬಿಡಿಸಿದರು. ಸಂಜೆಯೊಳಗೆ ವೈದ್ಯರು ಏನು ಕಂಡರು ಎಂಬುದೂ ಹುಡುಗಿಗೆ ಗೊತ್ತಾಗುತ್ತದೆ, ಕರೆ ಮಾಡಿದವಳು ಅವಳೇ ಆದ್ದರಿಂದ. ನೋಡಿದ್ದು, ಅನುಮಾನಿಸಿದ್ದು, ಆದದ್ದು, ಮೂರೂ ಒಂದೇ ದಿನದಲ್ಲಿ ತಾಗಿದವು. ಮುಂದಾಳ್ತನ ಕೌಶಲವಾಗುವ ದಾರಿ, ನನಗೆ ಕಾಣುವಂತೆ, ಇದೊಂದೇ. ಅನುಮಾನ ಬಾಯಿಗೆ ಬಂದ ಕ್ಷಣದಲ್ಲಿ ಮೇಲಿನವರು ಕೊಡುವ ಉತ್ತರದ ಮೇಲೆ ಮುಂದಿನ ಅನುಮಾನ ಬಾಯಿಗೆ ಬರುತ್ತದೋ ಇಲ್ಲವೋ ನಿಂತಿದೆ. ಬಂದಷ್ಟೂ ಕಲಿಕೆ.

ಯಜಮಾನರು ಹೊರಗೆ ಹೋದ ಮೇಲೆ

ಮುಂದಾಳ್ತನವನ್ನು ಬಗೆಬಗೆಯಾಗಿ ವಿಂಗಡಿಸುವ ಹುಚ್ಚು ಹಳೆಯದು. 1939ರಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಮೂವರು ಅಮೆರಿಕದ ಅಯೋವಾದಲ್ಲಿ ಮಾಡಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಹತ್ತು ಹನ್ನೊಂದು ವರ್ಷದ ಹುಡುಗರ ಕ್ಲಬ್ಬುಗಳು, ಮುಖವಾಡ ಮಾಡುವಂಥ ಕೈಕೆಲಸ. ಒಂದು ಕಡೆ ಎಲ್ಲವನ್ನೂ ತಾನೇ ಹೇಳಿ ಮಾಡಿಸುವ ಮುಂದಾಳು, ಇನ್ನೊಂದು ಕಡೆ ಹುಡುಗರನ್ನು ಸೇರಿಸಿಕೊಂಡು ತೀರ್ಮಾನಿಸುವವನು, ಮೂರನೆಯ ಕಡೆ ಏನಾದರೂ ಮಾಡಿಕೊಳ್ಳಿ ಎಂದು ಕೈಬಿಟ್ಟವನು. ಹೇಳಿ ಮಾಡಿಸುವವನ ಗುಂಪಿನಲ್ಲಿ ಆತ ಎದುರಿಗಿರುವಷ್ಟು ಹೊತ್ತು ಕೆಲಸ ಭರದಿಂದ ಸಾಗಿತು. ಆತ ಕೋಣೆಯಿಂದ ಹೊರಟ ಕೂಡಲೇ ಕುಸಿಯಿತು. ಸೇರಿಸಿಕೊಂಡು ಹೋದವನ ಗುಂಪು ಆತ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ ಸಮ ಕೆಲಸ ಮಾಡಿತು.

ಹುಡುಗರ ಮುಖವಾಡದಿಂದ ನರ್ಸುಗಳ ವಾರ್ಡಿಗೆ ನೇರ ಜಿಗಿಯಬಾರದು. ಆದರೂ ಆಸ್ಪತ್ರೆಯಲ್ಲಿ ಯಜಮಾನರು ಕೋಣೆಯಿಂದ ಹೊರಗೆ ಹೋಗುವ ಹೊತ್ತು ಪ್ರತಿದಿನ ಬರುತ್ತದೆ. ಅದರ ಹೆಸರು ನೈಟ್ ಡ್ಯೂಟಿ. ಇನ್‌ಚಾರ್ಜ್ ಸಾಮಾನ್ಯವಾಗಿ ಹಗಲಿನವರು. ರಾತ್ರಿ ವಾರ್ಡಿಗೆ ಒಬ್ಬರೋ ಇಬ್ಬರೋ. ಹಗಲೆಲ್ಲ ಕೇಳದೆ ಏನೂ ಮಾಡಬಾರದು ಎಂದು ಕಲಿತವರು ರಾತ್ರಿ ಎರಡಕ್ಕೆ ಯಾರನ್ನು ಕೇಳಬೇಕು? ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ, ತಾನಿದ್ದಾಗ ನಡೆಯುವುದು ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದಿದ್ದರೆ ಎಷ್ಟು ದುಡಿದರೂ ಕೆಟ್ಟುಹೋಗುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾರೆ.

ಹಾಗೆಂದು ಅಪ್ಪಣೆ ಕೊಡುವುದೇ ಕೆಟ್ಟದ್ದು ಅಂತಲ್ಲ. ರೋಗಿಯ ಹೃದಯ ನಿಂತಾಗ ಚರ್ಚೆಗೆ ಜಾಗವಿಲ್ಲ. ಒಬ್ಬರು ಹೇಳಬೇಕು, ನೀನು ಎದೆ ಒತ್ತು, ನೀನು ಅಡ್ರಿನಲಿನ್ ತೆಗಿ, ನೀನು ಸಮಯ ಬರಿ ಎಂದು, ಉಳಿದವರು ಮಾಡಬೇಕು. ಹೊಸಬರಿಗೂ ಮೊದಲ ತಿಂಗಳುಗಳಲ್ಲಿ ಸ್ಪಷ್ಟ ಅಪ್ಪಣೆಯೇ ಆಸರೆ. "ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು" ಎಂದು ಅವರಿಗೆ ಹೇಳುವುದು ಔದಾರ್ಯವಲ್ಲ, ಕೈಕೊಡುವುದು. ನಮ್ಮ ಆಸ್ಪತ್ರೆಗಳಲ್ಲಿ ಬೈಯುವ ಇನ್‌ಚಾರ್ಜ್‌ಗಳ ಬಗ್ಗೆ ಕಥೆಗಳು ಬಹಳ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ನಷ್ಟ ಮಾಡುವುದು ಕೈಬಿಟ್ಟವರು. ಬೈದವರಿಂದ ಏನು ತಪ್ಪಾಯಿತೆಂದಾದರೂ ತಿಳಿಯುತ್ತದೆ.

ಅಂದಹಾಗೆ, ನರ್ಸಿಂಗ್ ಪತ್ರಿಕೆಗಳಲ್ಲಿ ಈಗ ಹೆಚ್ಚು ಕೇಳುವ ಹೆಸರು ಹುರಿದುಂಬಿಸುವ ಮುಂದಾಳ್ತನದ್ದು. ಜೇಮ್ಸ್ ಮೆಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ರಾಜಕೀಯ ನಾಯಕರ ಬಗ್ಗೆ ಬರೆದದ್ದನ್ನು ಬರ್ನಾರ್ಡ್ ಬಾಸ್ 1985ರಲ್ಲಿ ಸಂಸ್ಥೆಗಳಿಗೆ ತಂದರು. ಮಾಡಿದ್ದಕ್ಕೆ ಬಹುಮಾನ, ಮಾಡದಿದ್ದಕ್ಕೆ ಶಿಕ್ಷೆ ಎಂಬ ಕೊಡುಕೊಳ್ಳುವ ಬಗೆ ಒಂದು. ಕೆಲಸದ ಅರ್ಥವನ್ನೇ ದೊಡ್ಡದಾಗಿ ಕಾಣಿಸಿ ಜನರನ್ನು ಬೆಳೆಸುವ ಬಗೆ ಇನ್ನೊಂದು. ಎರಡನೆಯ ಬಗೆಯ ಮುಂದಾಳಿದ್ದಲ್ಲಿ ನರ್ಸುಗಳ ಸಾಮರ್ಥ್ಯ, ಕೆಲಸದ ತೃಪ್ತಿ ಹೆಚ್ಚು ಎಂದು ಹೇಳುವ ಅಧ್ಯಯನಗಳು ಬೇಕಾದಷ್ಟಿವೆ. ಅವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಎಷ್ಟೋ ಅಧ್ಯಯನಗಳಲ್ಲಿ ಒಬ್ಬರೇ ನರ್ಸು ಒಂದೇ ಹಾಳೆಯಲ್ಲಿ ತಮ್ಮ ಮೇಲಿನವರಿಗೂ ತಮ್ಮ ಕೌಶಲಕ್ಕೂ ಅಂಕ ಕೊಟ್ಟಿರುತ್ತಾರೆ. ಆ ದಿನ ಮನಸ್ಸು ಚೆನ್ನಾಗಿದ್ದರೆ ಎರಡಕ್ಕೂ ಹೆಚ್ಚು ಅಂಕ. ಎಡ್ಮಂಡ್ಸನ್ ಅವರ ಎಂಟು ವಾರ್ಡುಗಳ ಪುಟ್ಟ ಅಧ್ಯಯನ ಇಂದಿಗೂ ನೆನಪಿನಲ್ಲಿ ಉಳಿದಿರುವುದು ನೋಡುವವರನ್ನೂ ಎಣಿಸುವವರನ್ನೂ ಬೇರೆ ಬೇರೆ ಇಟ್ಟ ಕಾರಣಕ್ಕೆ.

ಕಳವಳಕ್ಕೆ ಒಂದು ಫೋನ್ ನಂಬರು

ಅಳುಕಿಲ್ಲದ ಜಾಗ ಒಬ್ಬ ಇನ್‌ಚಾರ್ಜ್ ಅವರ ಒಳ್ಳೆಯತನದ ಮೇಲೆ ನಿಂತರೆ ಅವರ ವರ್ಗಾವಣೆಯ ಜೊತೆ ಅದೂ ಹೋಗುತ್ತದೆ. ಅದನ್ನು ನಿಯಮವಾಗಿಯೇ ಮಾಡಿದ್ದು ಆಸ್ಟ್ರೇಲಿಯಾದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆ. ಅಲ್ಲಿನ ತೀವ್ರ ನಿಗಾ ತಜ್ಞ ಕೆನ್ ಹಿಲ್‌ಮನ್ ಮತ್ತವರ ತಂಡ 1990ರಲ್ಲಿ ಒಂದು ಹೊಸ ಏರ್ಪಾಡು ತಂದಿತು. ವಾರ್ಡಿನ ರೋಗಿಯ ಸ್ಥಿತಿ ಬಿಗಡಾಯಿಸುತ್ತಿದ್ದರೆ ಯಾವ ನರ್ಸಾದರೂ ಸರಿ, ಮೇಲಿನವರ ಒಪ್ಪಿಗೆಗೆ ಕಾಯದೆ, ತೀವ್ರ ನಿಗಾ ಪರಿಣತರ ತಂಡವನ್ನು ನೇರವಾಗಿ ಕರೆಯಬಹುದು. ಕರೆಯಲು ಕಾರಣಗಳ ಪಟ್ಟಿಯಲ್ಲಿ ನಾಡಿ, ಉಸಿರು, ಬಿಪಿಯ ಅಂಕಿಗಳ ಜೊತೆಗೆ ಇನ್ನೊಂದು ಸಾಲಿತ್ತು: ರೋಗಿಯ ಬಗ್ಗೆ ನಿಮಗೆ ಕಳವಳವಾಗಿದ್ದರೆ.

ಆ ಒಂದು ಸಾಲಿನಿಂದ "ಸರಿ ಕಾಣ್ತಿಲ್ಲ" ಎಂಬುದು ಅಧಿಕೃತ ಲಕ್ಷಣವಾಯಿತು. ಕರೆದು ಬಂದವರು ಹಾಸಿಗೆಯ ಬಳಿಯೇ ಪರೀಕ್ಷಿಸುವುದರಿಂದ, ಕಳವಳ ನಿಜವಾದರೂ ಸುಳ್ಳಾದರೂ ಯಾಕೆ ಎಂಬುದು ನರ್ಸಿಗೆ ಕಣ್ಣೆದುರೇ ಗೊತ್ತಾಗುತ್ತದೆ. ಈ ಬಗೆಯ ತಂಡಗಳು ಆಮೇಲೆ ಬ್ರಿಟನ್, ಅಮೆರಿಕ ಸೇರಿ ಎಷ್ಟೋ ದೇಶಗಳಿಗೆ ಹಬ್ಬಿದವು. ಕರ್ನಾಟಕದ ಕಾಲೇಜುಗಳಲ್ಲಿ ಓದಿ ಆ ಕಡೆ ಕೆಲಸಕ್ಕೆ ಹೋಗುವ ನರ್ಸುಗಳು ಇಂಥ ಕರೆ ಮಾಡುವುದನ್ನೂ ಅಲ್ಲಿ ರೂಢಿಸಿಕೊಳ್ಳಬೇಕಾಗುತ್ತದೆ.

ಅಳುಕಿಲ್ಲದ ಜಾಗದಲ್ಲಿ ಕಲಿಕೆ ಬೇಗ ಆಗುತ್ತದೆ ಎಂಬುದಕ್ಕೆ ಹೃದಯದ ಆಪರೇಷನ್ ಥಿಯೇಟರಿನಿಂದಲೂ ಒಂದು ಸಾಕ್ಷಿಯಿದೆ. ಎದೆಮೂಳೆ ಸೀಳದೆ ಪಕ್ಕೆಲುಬುಗಳ ನಡುವಿನ ಸಣ್ಣ ಕೊಯ್ತದಿಂದ ಶಸ್ತ್ರಚಿಕಿತ್ಸೆ ಮಾಡುವ ವಿಧಾನ ಹೊಸದಾಗಿ ಬಂದಾಗ, ಅದನ್ನು ಕಲಿಯುತ್ತಿದ್ದ 16 ಆಸ್ಪತ್ರೆಗಳ ತಂಡಗಳನ್ನು ಎಡ್ಮಂಡ್ಸನ್ ಮತ್ತು ಸಹೋದ್ಯೋಗಿಗಳು ಹೋಲಿಸಿ 2001ರಲ್ಲಿ ಪ್ರಕಟಿಸಿದರು. ಸರ್ಜನ್‌ಗೆ ಮೊದಲಿನಂತೆ ಎಲ್ಲವೂ ಕಣ್ಣಿಗೆ ಕಾಣದು. ಪರದೆಯ ಮೇಲೆ ಒತ್ತಡ ನೋಡುತ್ತಿರುವ ನರ್ಸು, ಅರಿವಳಿಕೆ ತಜ್ಞರು, ಯಂತ್ರ ನಡೆಸುವವರು ಹೇಳಿದರೇ ಗೊತ್ತಾಗಬೇಕು. ಬೇಗ ಕಲಿತ ತಂಡಗಳು ದೊಡ್ಡ ಹೆಸರಿನ ಆಸ್ಪತ್ರೆಗಳವೇ ಆಗಿರಬೇಕೆಂದಿರಲಿಲ್ಲ, ಹಿರಿಯ ಸರ್ಜನ್‌ಗಳವೇ ಆಗಿರಬೇಕೆಂದೂ ಇರಲಿಲ್ಲ. ಇದು ನಾವೆಲ್ಲ ಕಲಿಯುತ್ತಿರುವ ಕೆಲಸ, ನೀವು ಹೇಳದಿದ್ದರೆ ನನಗೆ ಆಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡ ಸರ್ಜನ್‌ಗಳ ತಂಡಗಳು ಅವು.

ಬೆಡ್‌ಶೀಟ್ ಇಲ್ಲದ ಬೆಳಿಗ್ಗೆ

ಅಳುಕಿನ ಇನ್ನೊಂದು ರೂಪ ಜಾಣ್ಮೆಯ ವೇಷದಲ್ಲಿ ಬರುತ್ತದೆ. ಅನಿಟಾ ಟಕ್ಕರ್ ಎಂಬ ಸಂಶೋಧಕಿ ಒಂಬತ್ತು ಆಸ್ಪತ್ರೆಗಳಲ್ಲಿ 26 ನರ್ಸುಗಳ ಬೆನ್ನಿಗೆ 239 ಗಂಟೆ ತಿರುಗಿ, ಎಡ್ಮಂಡ್ಸನ್ ಜೊತೆ 2003ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ. ಬೆಡ್‌ಶೀಟ್ ಮುಗಿದಿದೆ, ನರ್ಸು ಪಕ್ಕದ ವಾರ್ಡಿನಿಂದ ತಂದು ಹಾಸುತ್ತಾರೆ. ರೋಗಿಗೆ ಹಾಸಿಗೆ ಸಿಕ್ಕಿತು, ಪಕ್ಕದ ವಾರ್ಡಿಗೆ ಕೊರತೆ ಬಿತ್ತು, ನಾಳೆಯೂ ಅದೇ ಕಥೆ. ಯಾಕೆ ಮುಗಿಯಿತು ಎಂದು ಮೇಲಿನವರನ್ನು ಕೇಳಿದವರು ತೀರ ವಿರಳ. ಹೇಗೋ ಸುಧಾರಿಸಿಕೊಂಡು ಹೋಗುವವರನ್ನೇ ಒಳ್ಳೆಯ ಕೆಲಸಗಾರರು ಅನ್ನುತ್ತೇವೆ. ಬೇಕಾದ್ದಕ್ಕೆ ಇಂಡೆಂಟ್ ಹಾಕಿ ಹಾಕಿ ಸಾಕಾದ ನಮ್ಮ ನರ್ಸುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊರತೆಯನ್ನು ಮೇಲಕ್ಕೆ ಮುಟ್ಟಿಸಿ ಸರಿಪಡಿಸಿಕೊಳ್ಳುವುದೂ ವೃತ್ತಿಯ ಕೌಶಲವೇ. ಅದು ಬೆಳೆಯುವುದೂ ಮೇಲಿನವರು ಕಿವಿಗೊಟ್ಟರೆ ಮಾತ್ರ.

ಎಷ್ಟೇ ಒಳ್ಳೆಯ ಇನ್‌ಚಾರ್ಜ್ ಇದ್ದರೂ ಅವರ ಕೈಲಾಗದ ಒಂದು ಸಂಗತಿ ಇದೆ, ತಲೆಯೆಣಿಕೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ದಾಖಲೆ ತೆಗೆದು 2002ರಲ್ಲಿ ತೋರಿಸಿದ ಲೆಕ್ಕವಿದು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತದೆ. ಮೂವತ್ತು ರೋಗಿಗಳನ್ನು ಇಬ್ಬರು ನೋಡುವ ವಾರ್ಡಿನಲ್ಲಿ ಉಸಿರು ಪೂರ್ತಿ ಒಂದು ನಿಮಿಷ ಎಣಿಸು ಎಂದರೆ ಬರೀ ಎಣಿಕೆಗೇ ಅರ್ಧ ಗಂಟೆ ಬೇಕು. ಅಲ್ಲಿ 18 ಎಂದು ಬರೆಯುವುದು ಸೋಮಾರಿತನವಲ್ಲ.

ಅದೇ ವಾರ್ಡಿನ ಇನ್‌ಚಾರ್ಜ್ ಅವರ ಬೆಳಗನ್ನೂ ನೋಡಬೇಕು. ಔಷಧಿ ಸ್ಟಾಕ್ ರಿಜಿಸ್ಟರು, ಲಿನನ್ ಲೆಕ್ಕ, ಡ್ಯೂಟಿ ಪಟ್ಟಿ, ರಜೆ ಕೇಳಿದವರ ಜೊತೆ ಚೌಕಾಸಿ, ಕೆಟ್ಟ ಸಕ್ಷನ್ ಯಂತ್ರಕ್ಕೆ ಮೂರನೇ ಪತ್ರ, ತಪಾಸಣೆಗೆ ಬರುವವರಿಗೆ ಫೈಲು. ಈ ಕೆಲಸಗಳಲ್ಲಿ ಅರ್ಧದಷ್ಟನ್ನು ಒಬ್ಬ ಗುಮಾಸ್ತರು ಮಾಡಬಲ್ಲರು. ಹೊಸ ನರ್ಸನ್ನು ಕರೆದುಕೊಂಡು ಆರನೇ ಬೆಡ್ಡಿಗೆ ಹೋಗುವುದನ್ನು ಮಾತ್ರ ಗುಮಾಸ್ತರಿಂದ ಮಾಡಿಸಲಾಗದು. ಮುಂದಾಳ್ತನದ ತರಬೇತಿ ಎಂದು ಹಿರಿಯ ನರ್ಸುಗಳನ್ನು ಎರಡು ದಿನ ಹೋಟೆಲಿನ ಹಾಲಿನಲ್ಲಿ ಕೂರಿಸುವ ಆಸ್ಪತ್ರೆಗಳು, ಅದೇ ಹಣದಲ್ಲಿ ವಾರ್ಡಿಗೊಬ್ಬ ಅರೆಹೊತ್ತಿನ ಗುಮಾಸ್ತರನ್ನು ಇಟ್ಟು ಆರು ತಿಂಗಳು ನೋಡಬಹುದು. ಫಲ ಬಂತೋ ಇಲ್ಲವೋ ತಿಳಿಯಲು, ಆದ ತಪ್ಪುಗಳನ್ನು ಬರೆಯುವ ಇನ್ಸಿಡೆಂಟ್ ರಿಜಿಸ್ಟರ್ ತೆಗೆದರೆ ಸಾಕು. ಮೊದಲ ಎರಡು ತಿಂಗಳಲ್ಲಿ ಅದರ ಪುಟಗಳು ಮೊದಲಿಗಿಂತ ಬೇಗ ತುಂಬುತ್ತಿದ್ದರೆ ಗಾಬರಿಯಾಗಬೇಕಿಲ್ಲ, ತುಂಬಲಿ.